ಡಯಲ್ ಮುಟ್ಟಬೇಡಿ

ಹಳೆಯ ಕೈಗಡಿಯಾರ ಕೊಳ್ಳಲು ಬಂದವರು ಅಂಗಡಿಯವನನ್ನು ಮೊದಲು ಕೇಳುವುದು ‘ಓಡುತ್ತಾ?’ ಅಂತ. ನಾನಾದರೆ ಅದನ್ನು ಕೊನೆಗೆ ಕೇಳುತ್ತೇನೆ. ನಿಂತ ವಾಚನ್ನು ಓಡಿಸಬಹುದು. ಸ್ಪ್ರಿಂಗು ಮುರಿದಿದ್ದರೆ ಬೇರೆ ಹಾಕಬಹುದು, ಎಣ್ಣೆ ಒಣಗಿದ್ದರೆ ಬಿಚ್ಚಿ ತೊಳೆದು ಹೊಸದಾಗಿ ಬಿಡಬಹುದು, ಗಾಜು ಸೀಳಿದ್ದರೆ ಬದಲಿಸಬಹುದು. ಒಮ್ಮೆ ಕೆರೆದು ಬಣ್ಣ ಬಳಿದ ಡಯಲ್ಲನ್ನು ಮಾತ್ರ ಯಾವ ಕುಶಲಕರ್ಮಿಯೂ ಹಿಂದಿನಂತೆ ಮಾಡಲಾರ. ಆದ್ದರಿಂದ ಮೊದಲು ಡಯಲ್, ಆಮೇಲೆ ಕೇಸು, ಆಮೇಲೆ ಮುಳ್ಳು. ಮಷೀನಿನ ವಿಚಾರ ಎಲ್ಲಕ್ಕಿಂತ ಕಡೆಗೆ.

ಈ ಪಾಠ ಕಲಿಯಲು ಕನ್ನಡಿಗರು ಜಿನೀವಾದ ಹರಾಜುಕಟ್ಟೆಗೆ ಹೋಗಬೇಕಿಲ್ಲ, ಅಜ್ಜನ ಪೆಟ್ಟಿಗೆ ತೆಗೆದರೆ ಸಾಕು. ಅದರಲ್ಲಿ ಎಚ್‌ಎಂಟಿ ಇದ್ದೇ ಇರುತ್ತದೆ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಬೆಂಗಳೂರಿನಲ್ಲಿ ಎಚ್‌ಎಂಟಿಯ ವಾಚ್ ಕಾರ್ಖಾನೆ ಶುರುವಾಯಿತು. ಮೊದಲ ಕಂತಿನ ವಾಚುಗಳನ್ನು ಬಿಡುಗಡೆ ಮಾಡಿದವರು ಪ್ರಧಾನಿ ನೆಹರೂ. ಮುಂದೆ ತುಮಕೂರು, ಶ್ರೀನಗರ, ರಾಣಿಬಾಗ್‌ಗಳಲ್ಲೂ ಕಾರ್ಖಾನೆ ಬಂದವು. ಎಸ್ಸೆಸ್ಸೆಲ್ಸಿ ಪಾಸಾದ ಮಗನಿಗೆ, ಮದುವೆಯಲ್ಲಿ ಅಳಿಯನಿಗೆ, ನಿವೃತ್ತರಾದ ಮೇಷ್ಟರಿಗೆ ಕೊಡುವ ಉಡುಗೊರೆ ಅಂದರೆ ಅದೇ ಆಗಿತ್ತು. ಹತ್ತು ಕೋಟಿಗೂ ಮಿಕ್ಕಿ ವಾಚು ಮಾಡಿದ್ದೇವೆ ಎನ್ನುವುದು ಕಂಪನಿಯ ಲೆಕ್ಕ. ಆಮೇಲೆ ಬ್ಯಾಟರಿಯ ಕಾಲ ಬಂತು, ಹೊಸೂರಿನಿಂದ ಟೈಟಾನ್ ಬಂತು, 2016ರಲ್ಲಿ ಎಚ್‌ಎಂಟಿ ವಾಚ್ ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ಕಂಪನಿ ಮುಚ್ಚಿತೆಂದು ಸುದ್ದಿಯಾದ ಮೇಲೆಯೇ ಹಳೆಯ ಜನತಾ, ಪೈಲಟ್, ಸೋನಾಗಳನ್ನು ಹುಡುಕಿಕೊಂಡು ಜನ ಬೀದಿಗಿಳಿದರು. ನಮ್ಮವರ ಪ್ರೀತಿ ಯಾವತ್ತೂ ಒಂದು ಗಳಿಗೆ ತಡವಾಗಿಯೇ ಬರುತ್ತದೆ.

ಬೇಡಿಕೆ ಬಂದ ಕೂಡಲೇ ಬಣ್ಣವೂ ಬಂತು. ಇಂದು ಅಂತರ್ಜಾಲದಲ್ಲಿ ‘ಅರವತ್ತರ ದಶಕದ ಅಪರೂಪದ ಎಚ್‌ಎಂಟಿ’ ಎಂದು ಕಾಣುವ ಕಿತ್ತಳೆ, ನೇರಳೆ, ಗಿಳಿಹಸಿರು ಬಣ್ಣದ ಡಯಲ್ಲುಗಳಲ್ಲಿ ಬಹುಪಾಲು ಯಾವ ಕಾರ್ಖಾನೆಯ ಬಾಗಿಲನ್ನೂ ಕಂಡವಲ್ಲ. ಹಳೆಯ ಡಯಲ್ಲನ್ನು ಕೆರೆದು, ಬಣ್ಣ ಹೊಡೆದು, ಅದರ ಮೇಲೆ ಹೆಸರನ್ನೂ ಅಂಕಿಗಳನ್ನೂ ಹೊಸದಾಗಿ ಅಚ್ಚು ಹಾಕಿದವು ಅವು. ಸಂಗ್ರಾಹಕರ ಬಾಯಲ್ಲಿ ಇದಕ್ಕೆ ‘ರೀಡಯಲ್’ ಎಂದು ಹೆಸರು. ಒಂದರ ಕೇಸು, ಇನ್ನೊಂದರ ಮಷೀನು, ಮೂರನೆಯದರ ಮುಳ್ಳು ಕೂಡಿಸಿ ಕಟ್ಟಿದ್ದಾದರೆ ‘ಫ್ರಾಂಕನ್’. ಇಂಥ ವಾಚುಗಳಿಗೆ ವಿದೇಶದ ಸಂಗ್ರಾಹಕರು ‘ಮುಂಬೈ ಸ್ಪೆಷಲ್’ ಎಂದೇ ಹೆಸರಿಟ್ಟುಬಿಟ್ಟಿದ್ದಾರೆ. ಎಚ್‌ಎಂಟಿಗಿಂತ ಹೆಚ್ಚಾಗಿ ಇದಕ್ಕೆ ಬಲಿಯಾದವು ನಮ್ಮ ತಾತಂದಿರು ಕಟ್ಟುತ್ತಿದ್ದ ಸ್ವಿಸ್ ವಾಚುಗಳಾದ ವೆಸ್ಟ್ ಎಂಡ್‌ನ ಸೊವಾರ್ ಪ್ರೈಮಾ, ಫೇವರ್ ಲ್ಯೂಬಾದ ಸೀ ಚೀಫ್, ಸೀ ಕಿಂಗ್. ಬಣ್ಣ ಬಳಿಯದ ಸೊವಾರ್ ಪ್ರೈಮಾ ಕಂಡರೆ ನನಗೆ ಈಗಲೂ ಕೈ ನಡುಗುತ್ತದೆ.

ಹಾಗೆಂದು ಹಿಂದಿನ ಕಾಲದಲ್ಲಿ ಬಣ್ಣ ಬಳಿದವನನ್ನು ಕಳ್ಳ ಎನ್ನಲಾರೆ. ಹೊಸ ವಾಚು ಸುಲಭವಾಗಿ ಸಿಗದ, ಸಿಕ್ಕರೂ ಒಂದು ತಿಂಗಳ ಸಂಬಳ ಬೇಡುತ್ತಿದ್ದ ಕಾಲ ಅದು. ಮಳೆಗಾಲದಲ್ಲಿ ಗಾಜಿನೊಳಗೆ ತೇವ ಸೇರಿ ಡಯಲ್ಲಿನ ಅಂಚು ಕಪ್ಪಾಗುತ್ತಿತ್ತು. ಕರಾವಳಿಯ ಮನೆಗಳಿಂದ ಬರುವ ವಾಚುಗಳಲ್ಲಿ ಈ ಚುಕ್ಕಿ ಇಲ್ಲದ್ದು ಅಪರೂಪ. ತಂಗಿಯ ಮದುವೆ ಹತ್ತಿರ ಬಂದಾಗ ಮನೆಯವರು ರಿಪೇರಿಯವನಿಗೆ ಹೇಳುತ್ತಿದ್ದುದು ಒಂದೇ ಮಾತು: ‘ಹೊಸದರ ಹಾಗೆ ಮಾಡಿಕೊಡಪ್ಪ.’ ಅವನು ಮಾಡಿಕೊಟ್ಟ, ಅದೂ ಕಡಿಮೆ ಕಾಸಿಗೆ. ತಪ್ಪು ಇರುವುದು ಅದನ್ನು ಇಂದು ‘ಕಂಪನಿ ಒರಿಜಿನಲ್’ ಎಂದು ಮಾರುವವನಲ್ಲಿ.

ಪತ್ತೆ ಹಚ್ಚುವುದು ಹೇಗೆ? ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿ ಸಾಕು. ಕಾರ್ಖಾನೆಯಲ್ಲಿ ಡಯಲ್ಲಿಗೆ ಅಕ್ಷರ ಬೀಳುತ್ತಿದ್ದುದು ಕೊರೆದ ಲೋಹದ ಫಲಕದಿಂದ. ಫಲಕದ ತಗ್ಗುಗಳಲ್ಲಿ ನಿಂತ ಶಾಯಿಯನ್ನು ಮೆತ್ತನೆಯ ದಿಂಡು ಎತ್ತಿಕೊಂಡು ಡಯಲ್ಲಿನ ಮೇಲೆ ಒತ್ತುತ್ತದೆ. ಹೀಗೆ ಬಿದ್ದ ಗೆರೆ ಕೂದಲೆಳೆಯಷ್ಟು ಸಣ್ಣದಾದರೂ ಅಂಚು ಚೂಪಾಗಿರುತ್ತದೆ, ದಪ್ಪ ಒಂದೇ ಸಮ. ರೀಡಯಲ್ಲಿನಲ್ಲಿ ಅಕ್ಷರ ಊದಿಕೊಂಡಿರುತ್ತದೆ, ಅಂಚು ಹರಡಿರುತ್ತದೆ. ‘ಪ್ಯಾರಾಶಾಕ್’ ಎಂಬ ಪುಟ್ಟ ಪದದ ಒಳಗಿನ ಸಂದುಗಳು ಶಾಯಿ ತುಂಬಿ ಮುಚ್ಚಿಹೋಗಿರುತ್ತವೆ. ಆಮೇಲೆ ನಿಮಿಷದ ಗೆರೆಗಳನ್ನು ನೋಡಿ. ಅಂಟಿಸಿದ ಗಂಟೆಯ ಕಡ್ಡಿಯ ನೆತ್ತಿಗೆ ಗೆರೆ ನೇರವಾಗಿ ಬರಬೇಕು. ಬಣ್ಣ ಬಳಿದ ಡಯಲ್ಲಿನಲ್ಲಿ ಐದರ ಹತ್ತಿರ ಸರಿಯಿದ್ದದ್ದು ಹತ್ತರ ಹತ್ತಿರ ಜಾರಿರುತ್ತದೆ. ಸ್ವಿಸ್ ವಾಚಾದರೆ ಆರರ ಕೆಳಗಿನ ‘ಸ್ವಿಸ್ ಮೇಡ್’ ಸಾಲು ಮಾಯವಾಗಿರುವುದೂ ಉಂಟು. ಕೊನೆಯದಾಗಿ, ಕೇಸು ಪೂರಾ ಸವೆದಿದ್ದೂ ಡಯಲ್ ನಿನ್ನೆ ಮೊನ್ನೆ ಮಾಡಿದಂತೆ ಹೊಳೆಯುತ್ತಿದ್ದರೆ ವ್ಯಾಪಾರಿಗೆ ನಮಸ್ಕಾರ ಹೇಳಿ ಹೊರಡಿ.

ಇದೆಲ್ಲ ಬಡ ಸಂಗ್ರಾಹಕನ ಹುಚ್ಚು ಎಂದುಕೊಳ್ಳಬೇಡಿ. ಕೋಟಿಗಳ ಲೋಕವೂ ನಡೆಯುವುದು ಡಯಲ್ಲಿನ ಮೇಲೆಯೇ. 2017ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಫಿಲಿಪ್ಸ್ ಹರಾಜಿನಲ್ಲಿ ಒಂದು ರೋಲೆಕ್ಸ್ ಡೇಟೋನಾ 1 ಕೋಟಿ 77 ಲಕ್ಷ ಡಾಲರಿಗೂ ಮೇಲೆ ಹೋಯಿತು. ನಟ ಪಾಲ್ ನ್ಯೂಮನ್‌ಗೆ ಹೆಂಡತಿ ಜೋನ್ ವುಡ್‌ವರ್ಡ್ ಕೊಟ್ಟಿದ್ದ ವಾಚು ಅದು. ಕಾರ್ ರೇಸಿನ ಹುಚ್ಚಿದ್ದ ಗಂಡನಿಗೆ ಜೋಪಾನವಾಗಿ ಓಡಿಸು ಎಂದು ಹಿಂಬದಿಯಲ್ಲಿ ಕೆತ್ತಿಸಿದ್ದಳು. ಆ ಬೆಲೆಯಲ್ಲಿ ನಟನ ಹೆಸರಿನ ಪಾಲು ದೊಡ್ಡದು, ಸರಿ. ಆದರೆ ನ್ಯೂಮನ್ ಮುಟ್ಟಿಯೂ ನೋಡದ, ಅದೇ ಬಗೆಯ ಡಯಲ್ ಇರುವ ಬೇರೆ ಡೇಟೋನಾಗಳ ಬೆಲೆಯೂ ಸಾದಾ ಡಯಲ್ಲಿನವುಗಳಿಗಿಂತ ಎಷ್ಟೋ ಪಟ್ಟು ಹೆಚ್ಚು. ಒಳಗಿನ ಮಷೀನು ಎರಡರಲ್ಲೂ ಒಂದೇ. ಪುಟ್ಟ ವೃತ್ತಗಳ ಗೆರೆಯ ತುದಿಗೆ ಚೌಕದ ಚುಕ್ಕಿ, ಬೇರೆ ಶೈಲಿಯ ಅಂಕಿ, ಅಂಚಿನಲ್ಲಿ ಬೇರೆ ಬಣ್ಣದ ಪಟ್ಟಿ, ಇಷ್ಟೇ ವ್ಯತ್ಯಾಸ. ತಮಾಷೆಯೆಂದರೆ ಆ ಡಯಲ್ಲುಗಳು ತಮ್ಮ ಕಾಲದಲ್ಲಿ ಯಾರಿಗೂ ಬೇಡವಾಗಿ ಅಂಗಡಿಯಲ್ಲೇ ಕೂತಿದ್ದವು.

ಇನ್ನೂ ವಿಚಿತ್ರವೆಂದರೆ ‘ಟ್ರಾಪಿಕಲ್’ ಡಯಲ್. ಐವತ್ತು, ಅರವತ್ತರ ದಶಕದ ಕೆಲವು ರೋಲೆಕ್ಸ್, ಒಮೆಗಾಗಳ ಕಪ್ಪು ಬಣ್ಣ ಬಿಸಿಲಿಗೆ ನಿಲ್ಲದೆ ಕಾಫಿಪುಡಿಯ ಬಣ್ಣಕ್ಕೆ ತಿರುಗಿತು. ನಿಜಕ್ಕೂ ಅದು ಬಣ್ಣದ ದೋಷ. ಅಂದು ಮಾಲೀಕರು ಸರ್ವಿಸಿಗೆ ಕೊಟ್ಟಾಗ ಕಂಪನಿಯವರೇ ಹೊಸ ಕಪ್ಪು ಡಯಲ್ ಹಾಕಿಕೊಡುತ್ತಿದ್ದರು. ಇಂದು ಆ ದೋಷಕ್ಕೇ ಹೆಚ್ಚು ಹಣ ಸುರಿಯುತ್ತಾರೆ. ಸಮವಾಗಿ ಮಾಗಿದ ಕಂದು ಬಣ್ಣವನ್ನು ನಾನೂ ಮೆಚ್ಚುತ್ತೇನೆ. ಅಲ್ಲಲ್ಲಿ ಬೂಸ್ಟು ಹಿಡಿದಂತಿರುವುದನ್ನೂ ‘ಟ್ರಾಪಿಕಲ್’ ಎಂದು ಮೆರೆಸುವುದು ಮಾತ್ರ ಶುದ್ಧ ವ್ಯಾಪಾರ.

ಕತ್ತಲಲ್ಲಿ ಹೊಳೆಯುತ್ತಿದ್ದ ಹಳೆಯ ಅಂಕಿಗಳ ಬಗ್ಗೆ ಒಂದು ಎಚ್ಚರಿಕೆ. ಅರವತ್ತರ ದಶಕಕ್ಕೆ ಮುಂಚಿನ ವಾಚಾದರೆ ಅದು ರೇಡಿಯಂ ಇರಬಹುದು. ಈಗ ಹೊಳೆಯುವುದಿಲ್ಲ ಎಂದರೆ ವಿಕಿರಣ ಸತ್ತಿದೆ ಎಂದಲ್ಲ. ಬೆಳಕು ಕೊಡುತ್ತಿದ್ದ ರಾಸಾಯನಿಕ ಸುಟ್ಟುಹೋಗಿದೆ ಅಷ್ಟೇ. ರೇಡಿಯಂ ಅರ್ಧದಷ್ಟು ಕರಗಲು 1600 ವರ್ಷ ಬೇಕು. ಗಾಜು ಮುಚ್ಚಿದ್ದರೆ ಕಪಾಟಿನಲ್ಲಿ ಇಟ್ಟುಕೊಳ್ಳಲು ಅಷ್ಟೇನೂ ಭಯವಿಲ್ಲ. ತೆಗೆದು ಕೆರೆಯಬೇಡಿ, ಆ ಪುಡಿ ಉಸಿರಿಗೆ ಹೋಗಬಾರದು. ಆಮೇಲಿನ ಟ್ರಿಟಿಯಂ ಅಷ್ಟು ಹಟಮಾರಿಯಲ್ಲ, ಸುಮಾರು 12 ವರ್ಷಕ್ಕೆ ಅರ್ಧವಾಗುತ್ತದೆ.

ಕೇಸಿನ ಮಾತೂ ಇಂಥದ್ದೇ. ಪಾಲಿಶ್ ಯಂತ್ರಕ್ಕೆ ಹಿಡಿದಷ್ಟು ಸಲವೂ ಬೆಲ್ಟು ಸಿಕ್ಕಿಸುವ ಕೊಂಬುಗಳ ಏಣು ಕರಗುತ್ತದೆ, ಹಿಂಬದಿಯ ಅಕ್ಷರ ಮಾಸುತ್ತದೆ. ಹಳೆಯ ಗುಡಿಯ ಕಲ್ಲಿನ ದ್ವಾರಪಾಲಕನಿಗೆ ಆಯಿಲ್ ಪೇಂಟು ಹೊಡೆಯುವ ಭಕ್ತಿ ಇದು. ಗೀರಿದ್ದರೆ ಇರಲಿ ಬಿಡಿ.

ಹಾಗಾದರೆ ಅಜ್ಜನ ಜನತಾ ನಿಂತುಹೋಗಿದ್ದರೆ ಏನು ಮಾಡಬೇಕು? ಕೀ ಕೊಟ್ಟು ಒತ್ತಾಯದಿಂದ ಓಡಿಸಬೇಡಿ, ಒಣಗಿದ ಎಣ್ಣೆಯಲ್ಲಿ ಚಕ್ರದ ಮೊಳೆಗಳು ಸವೆಯುತ್ತವೆ. ವಯಸ್ಸಾದ, ಕೀ ಕೊಡುವ ವಾಚುಗಳಲ್ಲೇ ಪಳಗಿದ ರಿಪೇರಿಯವರನ್ನು ಹುಡುಕಿ. ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಪೇಟೆಗಳಲ್ಲಿ ಇನ್ನೂ ಇದ್ದಾರೆ. 17 ಜ್ಯುವೆಲಿನ ಆ ಮಷೀನು ಅವರ ಕೈಗೆ ಚೆನ್ನಾಗಿ ಗೊತ್ತು, ಬಿಡಿಭಾಗವೂ ಹಳೆಯ ವಾಚುಗಳಿಂದ ಸಿಗುತ್ತದೆ. ಬಿಚ್ಚಿ ತೊಳೆದು ಎಣ್ಣೆ ಬಿಡಲಿ, ಗಾಜು ಬದಲಾಗಲಿ. ಡಯಲ್, ಮುಳ್ಳು, ಕೇಸು ಮುಟ್ಟಬಾರದೆಂದು ಬಾಯಲ್ಲಿ ಹೇಳಿದರೆ ಸಾಲದು, ಚೀಟಿಯ ಮೇಲೆ ಬರೆಸಿ. ಒಳ್ಳೆಯ ಮನಸ್ಸಿನ ರಿಪೇರಿಯವರೇ ‘ಸ್ವಲ್ಪ ಮಂಕಾಗಿತ್ತು ಸಾರ್, ಒರೆಸಿಕೊಟ್ಟಿದೀನಿ’ ಎಂದು ಹೆಚ್ಚು ಅನಾಹುತ ಮಾಡುತ್ತಾರೆ. ಒದ್ದೆ ಹತ್ತಿ ಒಮ್ಮೆ ಸವರಿದರೂ ಅಕ್ಷರ ಎದ್ದು ಬರಬಹುದು.

ರೀಡಯಲ್ ಎಂದು ಬಾಯಿಬಿಟ್ಟು ಹೇಳಿ, ಅದಕ್ಕೆ ತಕ್ಕ ಕಡಿಮೆ ಬೆಲೆ ಕೇಳುವ ವ್ಯಾಪಾರಿ ಸಿಕ್ಕರೆ ಖಂಡಿತ ಕೊಳ್ಳಿ. ಹಾಳಾದೀತೆಂಬ ಅಳುಕಿಲ್ಲದೆ ಬಸ್ಸಿನಲ್ಲಿ, ಸಂತೆಯಲ್ಲಿ, ಜಡಿಮಳೆಯಲ್ಲಿ ಕಟ್ಟಿಕೊಂಡು ತಿರುಗಲು ಅದೇ ಲಾಯಕ್ಕು. ನನ್ನ ಬಳಿಯೂ ಒಂದಿದೆ, ಕಡುಗೆಂಪು ಡಯಲ್ಲಿನ ಪೈಲಟ್.