ಚಿತ್ರದ ಹಣ್ಣು, ಕೈಗಂಟುವ ಬೀಜ

ಗೇರುಹಣ್ಣು ಚಿತ್ರಕಾರರನ್ನು ಪೇಚಿಗೆ ಸಿಕ್ಕಿಸುವ ಹಣ್ಣು. ನಾವು ಹಣ್ಣೆಂದು ಕಚ್ಚಿ ಚೀಪುವುದು ಸಸ್ಯಶಾಸ್ತ್ರದ ಲೆಕ್ಕದಲ್ಲಿ ಉಬ್ಬಿದ ತೊಟ್ಟು. ನಿಜವಾದ ಹಣ್ಣು ಕೆಳಗೆ ನೇತಾಡುವ ಬೂದು ಬೀಜ. ಬೆಳೆಯುವ ಕ್ರಮವೂ ತಿರುವುಮುರುವು. ಮೊದಲು ಬೀಜ ತನ್ನ ಪೂರ್ತಿ ಗಾತ್ರಕ್ಕೆ ಬರುತ್ತದೆ, ಆಮೇಲೆ ತೊಟ್ಟು ಉಬ್ಬಿ ಹಳದಿಯೋ ಕೆಂಪೋ ಆಗುತ್ತದೆ. ಸಸ್ಯಚಿತ್ರಗಳ ಕುರಿತು ಸಂಶೋಧನೆ ಮಾಡುತ್ತಿರುವ ನಾನು, ಹಳೆಯ ಚಿತ್ರಗಳನ್ನು ಓದುವ ಮುನ್ನ ಇದನ್ನು ಜಲವರ್ಣದಲ್ಲಿ ಬಿಡಿಸಿ ನೋಡಿದೆ. ಕೆಂಪು ಬಣ್ಣ ಸಲೀಸಾಗಿ ಒಲಿಯಿತು. ಬೀಜದ ಬೂದುಬಣ್ಣಕ್ಕೆ ಮಾತ್ರ ಮತ್ತೆ ಮತ್ತೆ ಮರಳಬೇಕಾಯಿತು. ಕಣ್ಣು ಕೆಂಪಿನಲ್ಲೇ ನಿಂತುಬಿಡುತ್ತದೆ; ಬೀಜವನ್ನು ನೋಡಲು ಪ್ರಯತ್ನ ಬೇಕು. ಈ ಹಣ್ಣಿನ ಚಿತ್ರಚರಿತ್ರೆಯನ್ನು ಓದಲು ನನಗೆ ದಾರಿ ತೋರಿದ್ದು ಈ ಚಿಕ್ಕ ಅನುಭವ.

ಗೇರು ಬ್ರೆಜಿಲ್‌ನ ಮರ. ಅಲ್ಲಿನ ಟುಪಿ ಜನರ ‘ಅಕಾಜು’ ಎಂಬ ಹೆಸರು ಪೋರ್ಚುಗೀಸರ ಬಾಯಲ್ಲಿ ‘ಕಾಜು’ ಆಯಿತು. ಟುಪಿಗಳು ಗೇರಿನ ಫಸಲಿನಿಂದಲೇ ವರ್ಷಗಳನ್ನು ಎಣಿಸುತ್ತಿದ್ದರೆಂದು ಹಳೆಯ ಬರಹಗಳು ಹೇಳುತ್ತವೆ. ಅಂದರೆ ಅವರಿಗೆ ಅದು ತಿನ್ನುವ ವಸ್ತುವಷ್ಟೇ ಆಗಿರಲಿಲ್ಲ, ಪಂಚಾಂಗವೂ ಆಗಿತ್ತು. ಫ್ರೆಂಚ್ ಯಾತ್ರಿಕ ಆಂದ್ರೆ ತೆವೆ 1550ರ ದಶಕದಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಈ ಮರದ ಮರದಚ್ಚಿನ ಚಿತ್ರವಿದೆ. ಅದರ ಗೆರೆಗಳು ಒರಟು, ಎಲೆಗಳು ನಂಬುವಂತಿಲ್ಲ. ಆದರೆ ಅಲ್ಲಿ ಜನರು ಹಣ್ಣು ಕೀಳುತ್ತಿದ್ದಾರೆ, ರಸ ಹಿಂಡುತ್ತಿದ್ದಾರೆ. ಮರದ ಜೊತೆ ಕೆಲಸವೂ ಚಿತ್ರದೊಳಗೆ ಬಂದಿದೆ.

ಸುಮಾರು ಎಂಬತ್ತು ವರ್ಷಗಳ ನಂತರದ ಇನ್ನೊಂದು ಚಿತ್ರವನ್ನು ಇದರ ಪಕ್ಕದಲ್ಲಿಡಿ. ಡಚ್ ಬ್ರೆಜಿಲ್‌ನ ಗವರ್ನರ್ ಯೋಹಾನ್ ಮೌರಿಟ್ಸ್‌ನ ಆಶ್ರಯದಲ್ಲಿದ್ದ ಆಲ್ಬರ್ಟ್ ಎಕ್‌ಹೌಟ್ 1641ರಲ್ಲಿ ಬರೆದ ‘ಮಾಮೆಲುಕಾ ಹೆಣ್ಣು’ ಈಗ ಕೋಪನ್‌ಹೇಗನ್‌ನ ರಾಷ್ಟ್ರೀಯ ಸಂಗ್ರಹಾಲಯದಲ್ಲಿದೆ. ಮೂಲನಿವಾಸಿ ತಾಯಿ ಮತ್ತು ಯುರೋಪಿಯನ್ ತಂದೆಯ ಮಗಳನ್ನು ಹಾಗೆ ಕರೆಯುತ್ತಿದ್ದರು. ಬಿಳಿಯುಡುಪಿನ ಆಕೆ ಒಂದು ಕೈಯಲ್ಲಿ ಹೂಬುಟ್ಟಿ ಎತ್ತಿದ್ದಾಳೆ, ಇನ್ನೊಂದರಲ್ಲಿ ಉಡುಪಿನ ಅಂಚು ಎತ್ತಿ ಕಾಲು ತೋರುತ್ತಿದ್ದಾಳೆ. ಹಿಂದೆ ಹಣ್ಣು ತುಂಬಿದ ಗೇರುಮರವಿದೆ. ಕುಂಚಗಾರಿಕೆಯಲ್ಲಿ ತೆವೆಯ ಮರದಚ್ಚಿಗೂ ಇದಕ್ಕೂ ಹೋಲಿಕೆಯೇ ಇಲ್ಲ. ಆದರೂ ಮರ, ಹಣ್ಣು, ಹೆಣ್ಣು ಮೂರೂ ಇಲ್ಲಿ ನೋಡುವವನಿಗಾಗಿ ಕಾಯುತ್ತಿರುವಂತಿವೆ. ಯಾರೂ ಹಣ್ಣು ಕೀಳುತ್ತಿಲ್ಲ. ಕಬ್ಬಿನ ಗದ್ದೆಗಳ ಮೇಲೆ ನಿಂತಿದ್ದ ಆ ವಸಾಹತಿಗೆ ಗುಲಾಮರು ಬೇಕೆಂದು ಇದೇ ಗವರ್ನರ್ 1637ರಲ್ಲಿ ಆಫ್ರಿಕಾದ ಎಲ್ಮಿನಾ ಕೋಟೆಗೆ ದಂಡು ಕಳಿಸಿದ್ದ. ಎಕ್‌ಹೌಟ್‌ನನ್ನು ‘ಇದ್ದದ್ದನ್ನು ಇದ್ದ ಹಾಗೆ ಬರೆದವನು’ ಎಂದು ಹೊಗಳುವ ರೂಢಿ ನಮ್ಮ ಅಧ್ಯಯನಗಳಲ್ಲಿದೆ. ಎಲೆಯ ನರಗಳ ಮಟ್ಟಿಗೆ ಒಪ್ಪಬಹುದು. ಯಾವುದನ್ನು ಚಿತ್ರದ ಹೊರಗಿಟ್ಟ ಎಂಬ ಪ್ರಶ್ನೆಗೆ ಆ ಹೊಗಳಿಕೆ ಉತ್ತರವಾಗುವುದಿಲ್ಲ.

ಮೂರನೆಯ ಚಿತ್ರ ನಮ್ಮ ಕರಾವಳಿಗೆ ಹತ್ತಿರದ್ದು. 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಬಂದ ‘ಹೋರ್ಟಸ್ ಮಲಬಾರಿಕಸ್’ನಲ್ಲಿ ಗೇರು ‘ಕಪ್ಪಮಾವ’ ಎಂಬ ಹೆಸರಿನಲ್ಲಿದೆ. ಮಲಯಾಳದ ‘ಕಪ್ಪಲ್’ ಎಂದರೆ ಹಡಗು. ಹಡಗಿನಲ್ಲಿ ಬಂದ ಮಾವು ಎಂದು ಆ ಹೆಸರನ್ನು ಅರ್ಥೈಸುತ್ತಾರೆ. ಈ ಗ್ರಂಥದ ಹಿಂದೆ ಇಟ್ಟಿ ಅಚ್ಯುತನ್ ಎಂಬ ವೈದ್ಯನ, ರಂಗ ಭಟ್, ವಿನಾಯಕ ಪಂಡಿತ, ಅಪ್ಪು ಭಟ್ ಎಂಬ ಕೊಂಕಣಿ ವೈದ್ಯರ ತಿಳಿವಳಿಕೆ ಇದೆ. ಬಿಳಿ ಕಾಗದದ ಮೇಲಿನ ಆ ರೆಂಬೆಯ ಸುತ್ತ ಮನುಷ್ಯರೇ ಇಲ್ಲ ನಿಜ. ಆದರೆ ಜನ ಇಟ್ಟ ಹೆಸರು ಉಳಿದಿದೆ, ಅದರಲ್ಲಿ ಹಡಗಿನ ನೆನಪೂ ಉಳಿದಿದೆ.

ಕನ್ನಡ ಇದನ್ನು ಇನ್ನೊಂದು ಬಗೆಯಲ್ಲಿ ಒಳಗೆ ಕರೆದುಕೊಂಡಿತು. ಅಗಸರು ಬಟ್ಟೆಗೆ ಗುರುತು ಹಾಕಲು ಬಳಸುತ್ತಿದ್ದ, ಸಂಸ್ಕೃತದ ‘ಭಲ್ಲಾತಕ’ವಾದ ಈ ನೆಲದ ಮರಕ್ಕೆ ಮೊದಲೇ ಗೇರು ಎಂಬ ಹೆಸರಿತ್ತು. ಅದರ ಬೀಜವೂ ಹಣ್ಣಿನ ಹೊರಗೇ ಇರುತ್ತದೆ, ಅದರ ರಸವೂ ಚರ್ಮ ಸುಡುತ್ತದೆ. ಪರದೇಶಿ ಮರಕ್ಕೆ ಹಳೆಯ ನೆಂಟನ ಹೆಸರನ್ನೇ ಕೊಟ್ಟ ಜನರಿಗೆ ಬಣ್ಣಕ್ಕಿಂತ ಮೊದಲು ಬೀಜ ಕಂಡಿರಬೇಕು. ಸಸ್ಯಶಾಸ್ತ್ರಜ್ಞರು ಇವೆರಡನ್ನೂ ಒಂದೇ ಕುಟುಂಬಕ್ಕೆ ಸೇರಿಸಿದ್ದಾರೆ. ಮಾವೂ ಅದೇ ಕುಟುಂಬದ್ದು.

ಹಣ್ಣನ್ನು ತುಳಿದು ತೆಗೆದ ರಸ ಗೋವಾದಲ್ಲಿ ಫೆನಿಯಾಗುತ್ತದೆ. 2009ರಲ್ಲಿ ಅದಕ್ಕೆ ಭೌಗೋಳಿಕ ಸೂಚ್ಯಂಕವೂ ಸಿಕ್ಕಿತು. ಬೀಜದ ಸಿಪ್ಪೆಯ ಎಣ್ಣೆ ವಾರ್ನಿಷ್‌ಗೆ, ವಾಹನಗಳ ಬ್ರೇಕಿಗೆ ಹೋಗುತ್ತದೆ. ಬಿಳಿ ತಿರುಳು ಪಾಯಸಕ್ಕೆ ಬೀಳುವ ಮೊದಲು ಆ ಎಣ್ಣೆ ಯಾರದೋ ಬೆರಳಿಗೆ ತಾಗಿರುತ್ತದೆ. ಕರಾವಳಿಯ ಕಾರ್ಖಾನೆಗಳಲ್ಲಿ ಬೀಜ ಒಡೆದವರಲ್ಲಿ, ಸುಲಿದವರಲ್ಲಿ ಹೆಂಗಸರೇ ಹೆಚ್ಚು. ಕೈಗೆ ಎಣ್ಣೆ ಸವರಿಕೊಂಡು ಕೂತರೂ ಬೆರಳು ಕಪ್ಪಾಗುವುದು ತಪ್ಪುತ್ತಿರಲಿಲ್ಲ.

ಹಾಗಾದರೆ ಹಣ್ಣಿನ ಚಿತ್ರ ಇಷ್ಟನ್ನೂ ಹೊರಬೇಕೇ ಎಂದು ನೀವು ಕೇಳಬಹುದು. ಎಲ್ಲ ಚಿತ್ರಗಳೂ ಕಾರ್ಖಾನೆಯ ವರದಿಯಾಗಲಿ ಎಂದು ನಾನು ಹೇಳುತ್ತಿಲ್ಲ. ಎಕ್‌ಹೌಟ್‌ನ ಕೆಂಪು ನನಗೂ ಇಷ್ಟ. ಆದರೆ ‘ವಿಲಕ್ಷಣ’, ‘ಅಪರೂಪ’ ಎಂಬ ಮಾತುಗಳನ್ನು ವಿಮರ್ಶೆಯಲ್ಲಿ ಬಳಸುವಾಗ ಯಾರಿಗೆ ಅಪರೂಪ ಎಂದು ಒಮ್ಮೆ ಕೇಳಿಕೊಳ್ಳಬೇಕು. ವರ್ಷ ಎಣಿಸಿದವರಿಗೆ ಅದು ಅಪರೂಪವಾಗಿರಲಿಲ್ಲ, ಬೀಜ ಸುಲಿದವರಿಗಂತೂ ಅಲ್ಲವೇ ಅಲ್ಲ. ನನ್ನ ಮಟ್ಟಿಗೆ ಒರಟು ಗೆರೆಗಳ ಆ ಮರದಚ್ಚು, ಕೋಪನ್‌ಹೇಗನ್ನಿನ ಚೆಲುವಾದ ಚಿತ್ರಕ್ಕಿಂತ ಹೆಚ್ಚು ತಿಳಿದುಕೊಂಡಿದೆ. ಅದರಲ್ಲಿ ಹಣ್ಣು ಮುಟ್ಟುವ ಕೈಗಳಿವೆ.