ಹೊಸ ಹುಡುಗನನ್ನು ಒಂದೇ ಮೂಲೆಗೆ ಕಟ್ಟಿಹಾಕಬೇಡಿ

ಕಬಡ್ಡಿ ಕಲಿಸುವವರ ಬಾಯಲ್ಲಿ ಒಂದು ಮಾತು ವೇದವಾಕ್ಯದಂತೆ ಕೂತುಬಿಟ್ಟಿದೆ: ‘ಮದ್ಲ ಒಂದ ಜಾಗಾ ಗಟ್ಟಿ ಮಾಡ್ಕೋ ತಮ್ಮಾ, ಉಳದದ್ದು ಆಮ್ಯಾಲ ನೋಡೂಣು.’ ಹಿಪ್ಪರಗಿ, ಜಮಖಂಡಿ, ಬನಹಟ್ಟಿ, ಮುಧೋಳ, ಬೀಳಗಿ, ನಮ್ಮ ಕಡೆ ಯಾವ ಊರಿನ ಮೈದಾನದಲ್ಲಿ ನಿಂತು ಕೇಳಿದರೂ ಈ ಮಾತು ಕಿವಿಗೆ ಬೀಳುತ್ತದೆ. ಬೇಸಿಗೆ ರಜೆಯಲ್ಲಿ ಹುಡುಗರು ಸೇರುತ್ತಾರೆ, ಮೊದಲ ದಿನವೇ ಸಾಲಾಗಿ ನಿಲ್ಲಿಸುತ್ತಾರೆ. ಗಿಡ್ಡಗಿದ್ದು ಚುರುಕಾಗಿರುವವನು ಕಾರ್ನರ್, ಎತ್ತರಕ್ಕೆ ದಪ್ಪ ಎದೆಯವನು ಕವರ್. ಆ ದಿನ ನಿಂತ ಜಾಗವೇ ಅವನ ಹಣೆಬರಹ. ‘ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು’ ಎಂಬ ಗಾದೆಯೂ ಇದರ ಬೆನ್ನಿಗಿದೆ. ಗಾದೆ ಒಳ್ಳೆಯದೇ. ಆದರೆ ಕಬಡ್ಡಿಯ ಡಿಫೆನ್ಸ್‌ಗೆ, ಅದರಲ್ಲೂ ಈಗಷ್ಟೇ ಕಲಿಯಲು ಬಂದ ಹುಡುಗನಿಗೆ, ಅದು ಹೊಂದುವುದಿಲ್ಲ. ಹೊಂದುವುದಿಲ್ಲವಷ್ಟೇ ಅಲ್ಲ, ಹಾಳು ಮಾಡುತ್ತದೆ ಎಂಬುದು ನನ್ನ ವಾದ.

ಆಟದ ನಿಯಮವನ್ನೇ ಮೊದಲು ನೋಡೋಣ. ಏಳೂ ಜನ ಅಂಕಣದಲ್ಲಿರುವಾಗ ಯಾರು ಎಲ್ಲಿ ಎಂಬುದು ಸ್ಪಷ್ಟ. ಎರಡು ತುದಿಗೆ ಲೆಫ್ಟ್ ಕಾರ್ನರ್, ರೈಟ್ ಕಾರ್ನರ್, ಅವರ ಮಗ್ಗುಲಿಗೆ ಲೆಫ್ಟ್ ಇನ್, ರೈಟ್ ಇನ್, ಅವರಾಚೆ ಇಬ್ಬರು ಕವರ್, ನಡುವೆ ಸೆಂಟರ್. ಶಿಬಿರದಲ್ಲಿ ಕಲಿಸುವುದು ಇದನ್ನೇ. ಆದರೆ ಪಂದ್ಯ ಶುರುವಾಗಿ ಎರಡು ರೇಡ್ ಆಗುವಷ್ಟರಲ್ಲಿ ಏಳು ಆರಾಗುತ್ತದೆ, ಆರು ಐದಾಗುತ್ತದೆ. ಯಾರು ಹೊರಗೆ ಹೋಗಬೇಕೆಂದು ನಿರ್ಧರಿಸುವವನು ಎದುರಾಳಿ ರೇಡರ್. ಯಾರು ಒಳಗೆ ಬರಬೇಕೆಂಬುದನ್ನೂ ನಾವು ನಿರ್ಧರಿಸುವಂತಿಲ್ಲ. ಮೊದಲು ಔಟಾದವನೇ ಮೊದಲು ಮರಳಬೇಕು ಎನ್ನುತ್ತದೆ ನಿಯಮ. ‘ನನಗೆ ಈಗ ಕಾರ್ನರ್ ಬೇಕು, ಕವರ್ ಆಮೇಲೆ ಬರಲಿ’ ಎಂದು ಆರಿಸಿಕೊಳ್ಳುವ ಅಧಿಕಾರ ಯಾವ ಕೋಚ್‌ಗೂ ಇಲ್ಲ. ಅಂದಮೇಲೆ 40 ನಿಮಿಷದ ಪಂದ್ಯದಲ್ಲಿ ಹೆಚ್ಚಿನ ಹೊತ್ತು ಯಾರು ಎಲ್ಲಿ ನಿಲ್ಲಬೇಕಾಗುತ್ತದೆ ಎಂಬುದು ಮೊದಲೇ ಗೊತ್ತಿರುವುದಿಲ್ಲ. ಹೀಗೆ ಪ್ರತಿ ರೇಡ್‌ಗೂ ಜಾಗ ಬದಲಾಗುವ ಆಟಕ್ಕೆ ಒಂದೇ ಜಾಗ ಬಲ್ಲ ಹುಡುಗರನ್ನು ತಯಾರು ಮಾಡುತ್ತಿದ್ದೇವೆ.

ಒಂದು ರೇಡನ್ನು ಹತ್ತಿರದಿಂದ ನೋಡಿ. ನಮ್ಮ ರೈಟ್ ಕಾರ್ನರ್ ಆತುರಪಟ್ಟು ಅಡ್ವಾನ್ಸ್ ಹೋದ, ರೇಡರ್ ಮುಟ್ಟಿ ಮರಳಿದ. ಉಳಿದವರು ಆರು ಜನ. ಆರು ಜನ ಇದ್ದಾರೆಂದರೆ ಬೋನಸ್ ಇನ್ನೂ ಇದೆ. ಖಾಲಿಯಾದ ಮೂಲೆಗೆ ಸರಿಯುವವನು ಸಾಮಾನ್ಯವಾಗಿ ರೈಟ್ ಇನ್. ಹೆಚ್ಚಿನ ತಂಡಗಳಲ್ಲಿ ಅವನು ರೇಡರ್, ಹಿಡಿಯುವುದು ಅವನ ಕಸುಬಲ್ಲ. ಬುದ್ಧಿವಂತ ಎದುರಾಳಿ ಮುಂದಿನ ರೇಡ್‌ಗೆ ನೇರ ಅಲ್ಲಿಗೇ ಬರುತ್ತಾನೆ. ಒಂದು ಕಾಲನ್ನು ಬೋನಸ್ ಗೆರೆಯತ್ತ ಚಾಚಿ ಆಸೆ ತೋರಿಸುತ್ತಾನೆ. ಮೂಲೆಯಲ್ಲಿ ನಿಂತು ಅಭ್ಯಾಸವಿರುವವನ ಕಣ್ಣು ಆ ಚಾಚಿದ ಕಾಲಿನ ಮೇಲೆ ಇರುವುದಿಲ್ಲ, ಹಿಂದುಳಿದ ಕಾಲಿನ ಮೇಲೆ ಇರುತ್ತದೆ. ಭಾರವೆಲ್ಲ ಇರುವುದು ಅಲ್ಲಿ, ಆ್ಯಂಕಲ್ ಹಿಡಿಯಬೇಕಾದ್ದೂ ಅಲ್ಲೇ. ಅಭ್ಯಾಸವಿಲ್ಲದವನು ಚಾಚಿದ ಕಾಲಿಗೆ ಹಾರುತ್ತಾನೆ, ಕೈಗೆ ಗಾಳಿ ಸಿಗುತ್ತದೆ. ಐದು ಜನ ಉಳಿದರು. ಜಾತ್ರೆಯ ಟೂರ್ನಿಗಳಲ್ಲಿ ಗೆಲ್ಲುತ್ತಿದ್ದ ತಂಡ ನಾಲ್ಕೈದು ರೇಡ್‌ಗಳಲ್ಲಿ ಆಲೌಟ್ ಆಗುವುದು ಹೀಗೇ. ‘ಹುಡುಗರಿಗೆ ಟೆನ್ಶನ್ ಆತು’ ಎಂದು ಜನ ಮಾತಾಡಿಕೊಳ್ಳುತ್ತಾರೆ. ಟೆನ್ಶನ್‌ಗಿಂತ ದೊಡ್ಡ ಕಾರಣ, ಆ ಜಾಗದಲ್ಲಿ ನಿಲ್ಲುವುದನ್ನು ಅವರಿಗೆ ಯಾರೂ ಕಲಿಸಿರಲಿಲ್ಲ ಎಂಬುದು.

ಹಾಗಂತ ಕಲಿಯುವುದು ಸುಲಭ ಎಂದು ನಾನು ಹೇಳುತ್ತಿಲ್ಲ. ಎಡಮೂಲೆಯವನಿಗೆ ಗೆರೆ ಎಡಗೈ ಪಕ್ಕ, ಬಲಮೂಲೆಯವನಿಗೆ ಬಲಗೈ ಪಕ್ಕ. ನಿಲ್ಲುವ ಕಾಲು, ಹಾರುವಾಗ ಮುಂದಾಗುವ ಭುಜ, ಹಿಂದೆ ಸರಿಯುವ ದಿಕ್ಕು ಎಲ್ಲವೂ ತಿರುವುಮುರುವು. ಕವರ್‌ನ ಕೆಲಸವಂತೂ ಬೇರೆಯೇ. ಅವನು ಕಾಯಬೇಕು. ರೇಡರ್ ಮೂಲೆಯ ಕಡೆ ವಾಲಿ, ಬೆನ್ನು ಅರ್ಧ ತಿರುಗಿಸಿದ ಗಳಿಗೆಗೆ ಡ್ಯಾಶ್ ಹೊಡೆದು ಲಾಬಿಯಾಚೆ ತಳ್ಳಬೇಕು, ಇಲ್ಲವೇ ಮಧ್ಯಗೆರೆಯ ದಾರಿಗೆ ಅಡ್ಡ ನಿಂತು ಬ್ಲಾಕ್ ಮಾಡಬೇಕು. ಅರೆಕ್ಷಣ ಮುಂಚೆ ಹೋದರೆ ತಾನೇ ಔಟ್, ಅರೆಕ್ಷಣ ತಡವಾದರೆ ಕಾಲು ಹಿಡಿದ ಗೆಳೆಯನನ್ನು ಎಳೆದುಕೊಂಡು ರೇಡರ್ ಗೆರೆ ಮುಟ್ಟುತ್ತಾನೆ. ಆ ಅರೆಕ್ಷಣದ ಲೆಕ್ಕ ಕವರ್‌ಗೆ ಗೊತ್ತಾಗುವುದು ಹೇಗೆ? ತಾನೂ ಮೂಲೆಯಲ್ಲಿ ನಿಂತು, ಯಾವಾಗ ಹಾರಬೇಕೆನಿಸುತ್ತದೆ ಎಂಬುದನ್ನು ಮೈಯಲ್ಲಿ ಅನುಭವಿಸಿದ್ದರೆ ಮಾತ್ರ. ಎರಡೂ ಮೂಲೆ, ಎರಡೂ ಕವರ್ ಹೀಗೆ ನಾಲ್ಕು ಜಾಗ ಕಲಿತ ಹುಡುಗನಿಗೆ ಆಗುವ ದೊಡ್ಡ ಲಾಭ ಇದು. ಅವನು ಮುಂದೆ ಒಂದೇ ಜಾಗದಲ್ಲಿ ಆಡಿದರೂ ಪಕ್ಕದವನ ಮನಸ್ಸು ಅವನಿಗೆ ಗೊತ್ತಿರುತ್ತದೆ. ಚೈನ್ ಎಂದರೆ ಬರೀ ಕೈಗೆ ಕೈ ಹಿಡಿದು ನಿಲ್ಲುವುದು ಎಂದುಕೊಂಡವರಿಗೆ ಇದು ಅರ್ಥವಾಗುವುದು ಕಷ್ಟ.

ಇಷ್ಟು ಹೇಳಿದರೆ ಎದುರಿನಿಂದ ಬರುವ ಮೊದಲ ಹೆಸರು ಫಜಲ್ ಅತ್ರಾಚಲಿ. ಇರಾನಿನ ಈ ಆಟಗಾರ ಪ್ರೊ ಕಬಡ್ಡಿಯಲ್ಲಿ ಎಡಮೂಲೆಯಲ್ಲಿ ನಿಂತೇ 500ಕ್ಕೂ ಹೆಚ್ಚು ಟ್ಯಾಕಲ್ ಅಂಕ ಗಳಿಸಿದ್ದಾನೆ. ಎರಡನೆಯ ಉದಾಹರಣೆ ಸುರೇಂದರ್ ನಾಡಾ ಮತ್ತು ಮೋಹಿತ್ ಛಿಲ್ಲರ್ ಜೋಡಿ. ಎಡಕ್ಕೆ ನಾಡಾ, ಬಲಕ್ಕೆ ಮೋಹಿತ್. 2015ರಲ್ಲಿ ಯು ಮುಂಬಾ ಕಪ್ ಎತ್ತಿದಾಗ ಮೂಲೆಗಳನ್ನು ಕಾಯ್ದವರು ಇವರು. ಆಮೇಲೆ ನಮ್ಮ ಬೆಂಗಳೂರು ಬುಲ್ಸ್‌ಗೂ, ಹರಿಯಾಣ ಸ್ಟೀಲರ್ಸ್‌ಗೂ ಜೊತೆಯಾಗಿಯೇ ಹೋದರು. ಒಂದೇ ಜಾಗದ ಪಾಂಡಿತ್ಯಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ ಎಂದು ಕೇಳುತ್ತಾರೆ. ಪಾಂಡಿತ್ಯ ಸುಳ್ಳೆಂದು ನಾನೂ ಹೇಳುವುದಿಲ್ಲ. ಆದರೆ ನಾವು ಟಿವಿಯಲ್ಲಿ ನೋಡುವುದು ಪಳಗಿದ ಆಟಗಾರನನ್ನು. ಇಪ್ಪತ್ತೆಂಟರ ವಯಸ್ಸಿನವನು ಎಲ್ಲಿ ಆಡುತ್ತಾನೆ ಎಂಬುದರಿಂದ ಹದಿನೈದರ ಹುಡುಗನಿಗೆ ಏನು ಕಲಿಸಬೇಕು ಎಂದು ತೀರ್ಮಾನಿಸುವುದು ತಪ್ಪು. ಫಜಲ್‌ನ ನಾಡು ಕುಸ್ತಿಯ ನಾಡು ಎಂಬುದನ್ನೂ ಮರೆಯಬಾರದು. ನಮ್ಮ ಭಾಗದ ಗರಡಿಮನೆಗಳಲ್ಲೂ ಮರಿ ಪೈಲ್ವಾನನಿಗೆ ಉಸ್ತಾದರು ಒಂದೇ ಪಟ್ಟು ಹೇಳಿಕೊಟ್ಟು ಬಿಡುವುದಿಲ್ಲ. ಎಡಕ್ಕೂ ಬಲಕ್ಕೂ, ನಿಂತೂ ನೆಲಕ್ಕೆ ಬಿದ್ದೂ ಹಿಡಿಯುವುದನ್ನು ಕಲಿಸುತ್ತಾರೆ. ತನ್ನ ಮೆಚ್ಚಿನ ಪಟ್ಟನ್ನು ಪೈಲ್ವಾನ ಆಮೇಲೆ ತಾನೇ ಆರಿಸಿಕೊಳ್ಳುತ್ತಾನೆ. ಕುಸ್ತಿಯಲ್ಲಿ ಇಷ್ಟು ತಿಳಿದಿರುವ ನೆಲ ಕಬಡ್ಡಿಗೆ ಬಂದಾಗ ಅದನ್ನು ಮರೆತಿರುವುದು ನನಗೆ ನಿಜವಾಗಿಯೂ ಬೇಸರದ ವಿಷಯ.

ಉದಾಹರಣೆಗಳ ಲೆಕ್ಕವೇ ಬೇಕಾದರೆ ಈ ಕಡೆಯೂ ಕಡಿಮೆಯಿಲ್ಲ. ಬುಲ್ಸ್ ತಂಡದ ಆರಂಭದ ನಾಯಕ ಮಂಜೀತ್ ಛಿಲ್ಲರ್ ಹಿಡಿಯಲೂ ಬಲ್ಲವ, ರೇಡ್‌ಗೂ ಹೋಗುವವ. ಅವನ ನಾಯಕತ್ವದಲ್ಲೇ ತಂಡ 2015ರಲ್ಲಿ ಫೈನಲ್ ತಲುಪಿತು. ಸಂದೀಪ್ ನರ್ವಾಲ್ ಅದೇ ಬಗೆಯ ಆಟಗಾರ. 2022ರ ಫೆಬ್ರುವರಿಯಲ್ಲಿ ದಬಂಗ್ ಡೆಲ್ಲಿ 37–36ರಿಂದ ಪಟ್ನಾವನ್ನು ಸೋಲಿಸಿ ಕಪ್ ಗೆದ್ದಾಗ ಆ ತಂಡದಲ್ಲಿ ಈ ಇಬ್ಬರೂ ಇದ್ದರು. ನಮ್ಮ ರಾಜ್ಯದವರೇ ಆದ ಅರ್ಜುನ ಪ್ರಶಸ್ತಿ ಪುರಸ್ಕೃತ ಬಿ.ಸಿ. ರಮೇಶ್ 2019ರಲ್ಲಿ ಬೆಂಗಾಲ್ ವಾರಿಯರ್ಸ್‌ಗೆ, 2024ರಲ್ಲಿ ಪುಣೇರಿ ಪಲ್ಟನ್‌ಗೆ ಕಪ್ ಗೆಲ್ಲಿಸಿಕೊಟ್ಟ ಕೋಚ್. ಆ ಪುಣೆ ತಂಡ 2.35 ಕೋಟಿ ರೂಪಾಯಿ ಕೊಟ್ಟು ತಂದದ್ದು ಇರಾನಿನ ಮೊಹಮ್ಮದ್‌ರೆಜಾ ಶಾದ್ಲೂಯಿಯನ್ನು. ಮೂಲೆಯಲ್ಲಿ ಅವನು ಎಷ್ಟು ಭಯಂಕರನೋ, ತಂಡಕ್ಕೆ ಬೇಕೆನಿಸಿದಾಗ ರೇಡ್‌ಗೂ ಅಷ್ಟೇ ಧೈರ್ಯದಿಂದ ಹೋಗುತ್ತಾನೆ. ಮುಂದಿನ ಸೀಸನ್‌ಗೆ ಅವನು ಹರಿಯಾಣಕ್ಕೆ ಹೋದ, ಕಪ್ ಹರಿಯಾಣಕ್ಕೆ ಬಂತು.

ಕನ್ನಡಿಗರಲ್ಲಿ ಇನ್ನೊಂದು ಆಕ್ಷೇಪವಿದೆ. ಅದು ನನಗೆ ಫಜಲ್‌ನ ಉದಾಹರಣೆಗಿಂತ ಗಟ್ಟಿಯಾಗಿ ಕಾಣುತ್ತದೆ. ಎಲ್ಲ ಜಾಗಕ್ಕೂ ಆಗುವವನನ್ನು ತಂಡ ಸವೆಸಿಬಿಡುತ್ತದೆ ಎಂಬ ನೋವು ಅದು. ಕ್ರಿಕೆಟ್ಟನ್ನೇ ನೋಡಿ: 2003ರ ವಿಶ್ವಕಪ್‌ನಲ್ಲಿ ರಾಹುಲ್ ದ್ರಾವಿಡ್ ಕೈಗೆ ಕೀಪಿಂಗ್ ಗ್ಲೌಸ್ ಕೊಟ್ಟರು. ಕೆ.ಎಲ್. ರಾಹುಲ್ ಟೆಸ್ಟ್‌ನಲ್ಲಿ ಆರಂಭಿಕ, 2023ರ ವಿಶ್ವಕಪ್‌ನಲ್ಲಿ ಕೀಪರ್ ಮತ್ತು ಐದನೇ ಕ್ರಮಾಂಕ, 2025ರ ಚಾಂಪಿಯನ್ಸ್ ಟ್ರೋಫಿಯಲ್ಲಿ ಆರನೇ ಕ್ರಮಾಂಕ. ‘ನಮ್ಮವರೇ ಯಾವಾಗಲೂ ಹೊಂದಿಕೊಳ್ಳಬೇಕೇ?’ ಎಂಬ ಪ್ರಶ್ನೆ ಸುಮ್ಮನೆ ಹುಟ್ಟಿದ್ದಲ್ಲ. ಆದರೆ ಇಲ್ಲಿ ಎರಡು ಸಂಗತಿಗಳು ಕಲಸಿಹೋಗಿವೆ. ಶಿಬಿರದಲ್ಲಿ, ಸೋಲುಗೆಲುವಿನ ಲೆಕ್ಕವಿಲ್ಲದ ಹೊತ್ತಿನಲ್ಲಿ, ಒಂದೊಂದು ಜಾಗದ ಹೆಜ್ಜೆಯನ್ನೂ ತಿದ್ದಿ ಕಲಿಸುವುದು ಒಂದು. ಕಲಿಸದೇ ಬಿಟ್ಟು, ಪಂದ್ಯದ ದಿನ ಯಾರಿಗೋ ಗಾಯವಾಯಿತೆಂದು ‘ನೀನೇ ನಿಲ್ಲು ಹೋಗು’ ಎಂದು ತಳ್ಳುವುದು ಇನ್ನೊಂದು. ಎರಡನೆಯದು ಅನ್ಯಾಯ, ಅದನ್ನು ವಿರೋಧಿಸಲೇಬೇಕು. ಹುಡುಗನ ಭುಜ, ಮೊಣಕಾಲು ಹಾಳಾಗುವುದು ಹೆಚ್ಚಾಗಿ ಇಂಥ ಗಳಿಗೆಯಲ್ಲೇ. ಆದರೆ ಅದಕ್ಕೆ ಮದ್ದು ಒಂದೇ ಜಾಗಕ್ಕೆ ಕಟ್ಟಿಹಾಕುವುದಲ್ಲ. ಹೇಗೂ ನಿಲ್ಲಬೇಕಾಗಿ ಬರುವ ಜಾಗಗಳನ್ನು ಮೊದಲೇ ಕಲಿಸಿಡುವುದು.

ಬೇರೆ ನಾಡಿನ ಆಟವೊಂದನ್ನು ಹೋಲಿಸಿ ನೋಡಿ. ಅಮೆರಿಕದವರು ಆಡುವ ಫುಟ್‌ಬಾಲ್‌ನಲ್ಲಿ ಮೈದಾನದಲ್ಲಿರುವವರು 11 ಜನ, ವೃತ್ತಿಪರ ತಂಡದಲ್ಲಿರುವವರು 53 ಜನ. ಪ್ರತಿ ಸಲ ಚೆಂಡು ಸತ್ತಾಗಲೂ ಆಟಗಾರರನ್ನು ಬದಲಾಯಿಸಬಹುದು. ಇಷ್ಟು ಅನುಕೂಲವಿದ್ದೂ ಅಲ್ಲಿನ ಶಿಬಿರಗಳಲ್ಲಿ ಹೊಸ ಡಿಫೆನ್ಸ್ ಆಟಗಾರನಿಗೆ ಕಾರ್ನರ್, ಸೇಫ್ಟಿ ಎಂದು ಎರಡು ಮೂರು ಜಾಗ ತಿರುಗಿಸಿ ಕಲಿಸುವುದು ಸಾಮಾನ್ಯ. ಬೇಕೆಂದಾಗ ಬೇಕಾದವನನ್ನು ಕರೆಯಲಾಗದ ಆಟ ನಮ್ಮದು. ಕಲಿಸುವ ಅಗತ್ಯ ನಮಗೆ ಅವರಿಗಿಂತ ಹೆಚ್ಚು.

ಹುಡುಗನ ಬದುಕಿನ ಪ್ರಶ್ನೆಯೂ ಇದೆ. ಪ್ರೊ ಕಬಡ್ಡಿಯಲ್ಲಿ 12 ತಂಡಗಳಿವೆ. ಅಂದರೆ ಇಡೀ ಲೀಗ್‌ನಲ್ಲಿ ಮೊದಲ ಏಳರಲ್ಲಿ ನಿಲ್ಲುವ ರೈಟ್ ಕಾರ್ನರ್‌ಗಳು 12 ಜನ ಮಾತ್ರ. ಪಕ್ಕದ ಕವರ್ ಜಾಗವನ್ನೂ ಬಲ್ಲವನಿಗೆ ಬಾಗಿಲು 24. ಲೀಗ್ ದೂರದ ಮಾತು, ಬಿಡಿ. ಪೊಲೀಸ್, ರೈಲ್ವೆ ತಂಡಗಳಲ್ಲಿ ಕ್ರೀಡಾ ಕೋಟಾದ ನೌಕರಿ ಹಿಡಿಯಬೇಕೆಂಬ ಹುಡುಗರು ನಮ್ಮ ಕಡೆ ಬೇಕಾದಷ್ಟಿದ್ದಾರೆ. ಕಬ್ಬಿನ ಗದ್ದೆಯಲ್ಲೋ ರಬಕವಿ-ಬನಹಟ್ಟಿಯ ಮಗ್ಗದ ಮನೆಯಲ್ಲೋ ಅಪ್ಪ ಅವ್ವನಿಗೆ ಕೈ ಜೋಡಿಸಿ, ಸಂಜೆ ಮೈದಾನಕ್ಕೆ ಬರುವವರು ಇವರು. ಆಯ್ಕೆಯ ದಿನ ಇಂಥ ಹುಡುಗನ ಜಾಗದಲ್ಲಿ ಆಗಲೇ ಒಬ್ಬ ಹಿರಿಯ ಗಟ್ಟಿಯಾಗಿ ಕೂತಿದ್ದರೆ ಒಂದೇ ಜಾಗ ಬಲ್ಲವನು ಬೆಂಚಿನಲ್ಲಿ ಕೂರಬೇಕು. ಅದೂ ಅಲ್ಲದೆ ಹದಿನಾಲ್ಕರಲ್ಲಿ ಗಿಡ್ಡನೆಂದು ಮೂಲೆಗೆ ಹಾಕಿದವನು ಹದಿನೆಂಟಕ್ಕೆ ಆರಡಿ ಬೆಳೆದಿರುತ್ತಾನೆ. ಮೈ ಕವರ್‌ಗೆ ಹೇಳಿಮಾಡಿಸಿದಂತಿದ್ದರೂ ಕಾಲಿಗೆ ಕವರ್‌ನ ಹೆಜ್ಜೆ ಗೊತ್ತಿರುವುದಿಲ್ಲ.

‘ಇರೋದ ನಾಕ ದಿನದ ಕ್ಯಾಂಪು, ಇಷ್ಟೆಲ್ಲಾ ಯಾವಾಗ ಕಲಸೂದ್ರಿ?’ ಎಂದು ಕೋಚ್‌ಗಳು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಮ್ಯಾಟ್ ಇಲ್ಲ, ಬೇಸಿಗೆಯ ಎರೆಮಣ್ಣು ಕಲ್ಲಿನಂತೆ ಗಟ್ಟಿ, ಡೈವ್ ಹೊಡೆದರೆ ಮೊಣಕೈ ಕಿತ್ತುಬರುತ್ತದೆ. ಆದರೆ ಈಗಿನ ಶಿಬಿರಗಳಲ್ಲಿ ಸಮಯ ಎಲ್ಲಿಗೆ ಹೋಗುತ್ತಿದೆ ನೋಡಿ: ಮುಂಜಾನೆ ಓಟ, ಬಸ್ಕಿ, ಸಂಜೆ ಪೂರ್ತಿ ಪಂದ್ಯ. ಪೂರ್ತಿ ಪಂದ್ಯದಲ್ಲಿ ಕಾರ್ನರ್‌ನಲ್ಲಿ ನಿಂತ ಹುಡುಗನಿಗೆ ಕಾಲು ಹಿಡಿಯುವ ಅವಕಾಶ ಬೆರಳೆಣಿಕೆಯಷ್ಟು ಸಲ ಸಿಕ್ಕರೆ ಹೆಚ್ಚು. ಅದರ ಬದಲು ಅಂಕಣದ ಒಂದೇ ಮಗ್ಗುಲಲ್ಲಿ ಮೂವರನ್ನು ನಿಲ್ಲಿಸಿ, ಒಬ್ಬ ರೇಡರ್‌ನನ್ನು ಬಿಟ್ಟು, ಹತ್ತತ್ತು ರೇಡ್‌ಗೆ ಕಾರ್ನರ್, ಇನ್, ಕವರ್ ಸರದಿ ಬದಲಿಸಿದರೆ ಅಷ್ಟೇ ಹೊತ್ತಿನಲ್ಲಿ ಮೂವರೂ ಮೂರು ಜಾಗದ ರುಚಿ ನೋಡುತ್ತಾರೆ. ಮೂರೇ ಜನ ಇರುವಾಗ ಹಿಡಿದರೆ ಸೂಪರ್ ಟ್ಯಾಕಲ್, ಎರಡು ಅಂಕ. ಆ ಅಭ್ಯಾಸವೂ ಇದರಲ್ಲೇ ಆಗುತ್ತದೆ. ಮೊದಲು ಒಂದು ಮಗ್ಗುಲು ಮುಗಿಸಿ, ಆಮೇಲೆ ಇನ್ನೊಂದು ಮಗ್ಗುಲಿಗೆ ತಿರುಗಿಸಿ. ಇದಕ್ಕೆ ದುಡ್ಡು ಬೇಡ, ಮ್ಯಾಟೂ ಬೇಡ.

ಈ ಬೇಸಿಗೆಗೆ ಶಿಬಿರ ಮಾಡುವ ಗುರುಗಳಲ್ಲಿ ನನ್ನ ಬೇಡಿಕೆ ಇಷ್ಟೇ: ಹೊಸ ಹುಡುಗನಿಗೆ ಮೊದಲ ದಿನವೇ ಜಾಗ ಗೊತ್ತು ಮಾಡಬೇಡಿ. ಶಿಬಿರದ ಕೊನೆಯ ದಿನ, ಎರಡೂ ಮೂಲೆ, ಎರಡೂ ಕವರ್ ನಿಂತು ಬಂದ ಮೇಲೆ, ಎಲ್ಲಿ ನಿಲ್ಲುತ್ತೀಯಪ್ಪಾ ಎಂದು ಅವನನ್ನೇ ಕೇಳಿ. ಜಾತ್ರೆಯ ಟೂರ್ನಿ ನಡೆಸುವ ಹಿರಿಯರೂ ಉತ್ತಮ ರೇಡರ್, ಉತ್ತಮ ಕ್ಯಾಚರ್ ಬಹುಮಾನಗಳ ಜೊತೆಗೆ, ಒಂದಕ್ಕಿಂತ ಹೆಚ್ಚು ಜಾಗದಲ್ಲಿ ನಿಂತು ಹಿಡಿದ ಹುಡುಗನಿಗೂ ಒಂದು ಬಹುಮಾನ ಇಡಲಿ.