ಸಾವಜಿ ಸಾರು: ಖಾರದ ಕೀರ್ತಿ, ಕೊಬ್ಬರಿಯ ಕೆಲಸ

ಹುಬ್ಬಳ್ಳಿ, ಧಾರವಾಡ, ಗದಗ-ಬೆಟಗೇರಿಗಳ ಖಾನಾವಳಿಗಳಿಂದ ಹೊರಟು ಬೆಂಗಳೂರಿನವರೆಗೂ ಹಬ್ಬಿರುವ ಸಾವಜಿ ಅಡುಗೆಯನ್ನು ಕುರಿತು ಬರೆದವರಲ್ಲಿ ಬಹುಪಾಲು ಜನ ಎತ್ತಿ ಆಡುವುದು ಒಂದೇ ಗುಣವನ್ನು, ಅದು ಖಾರ. ಕಣ್ಣುಮೂಗುಗಳಲ್ಲಿ ನೀರು ಬರಿಸುವುದೇ ಈ ಅಡುಗೆಯ ಸಿದ್ಧಿಯೆಂಬ ಮಾತು ಎಷ್ಟು ಬೇರೂರಿದೆಯೆಂದರೆ, ನವಲಗುಂದ, ಕುಂದಗೋಳ, ಅಣ್ಣಿಗೇರಿ, ಕಲಘಟಗಿಗಳ ಹಳ್ಳಿಮನೆಗಳಲ್ಲಿಯೂ ‘ಸಾವಜಿ ಪದ್ಧತಿಯ ಮಟನ್ ಸಾರು’ ಎಂದರೆ ಎಂದಿನ ಸಾರಿಗೆ ಇನ್ನೆರಡು ಚಮಚ ಖಾರದ ಪುಡಿ ಸುರಿಯುವುದು ಎಂಬ ಅರ್ಥ ನೆಲೆಗೊಳ್ಳತೊಡಗಿದೆ. ಈ ಕೀರ್ತಿ ಅತಿಯಾಗಿ ಉಬ್ಬಿದ್ದು. ಅದು ಈ ಅಡುಗೆಯ ನಿಜವಾದ ಕೌಶಲವನ್ನೇ ಮರೆಮಾಡಿದೆ.

ಧನಿಯಾ, ಲವಂಗ, ಚಕ್ಕೆ, ಕಲ್ಲುಹೂವುಗಳ ಪಟ್ಟಿಯನ್ನು ಇಲ್ಲಿ ಮತ್ತೆ ಒಪ್ಪಿಸಬೇಕಾಗಿಲ್ಲ. ಪರಿಶೀಲಿಸಬೇಕಾದದ್ದು ಕೊಬ್ಬರಿಯನ್ನು, ಎಂದರೆ ಒಣಗಿದ ತೆಂಗಿನ ತಿರುಳಿನ ಬಟ್ಟಲನ್ನು, ಸುಡುವ ಕ್ರಮವನ್ನು. ತುರಿದ ಕೊಬ್ಬರಿಯನ್ನು ಬಾಣಲೆಯಲ್ಲಿ ಹುರಿದರೆ ಅದು ಒಂದೇ ಸಮನಾಗಿ ಕೆಂಪಾಗಿ ಬೇಗ ಒಣಗುತ್ತದೆ. ಇಡೀ ಬಟ್ಟಲನ್ನು ಕೆಂಡದ ಮೇಲಿಟ್ಟು ತಿರುಗಿಸಿದಾಗ ಹೊರಮೈ ಕಪ್ಪಾಗುತ್ತಿರುವಂತೆಯೇ ಒಳತಿರುಳು ಕಾದು ಮೆತ್ತಗಾಗಿ, ಅದರ ತೂಕದ ಶೇಕಡ 60ಕ್ಕೂ ಮಿಕ್ಕಿರುವ ಎಣ್ಣೆ ಮೈಮೇಲೆ ಜಿನುಗತೊಡಗುತ್ತದೆ. ಆ ಜಿನುಗುವಿಕೆಯೇ ಬಟ್ಟಲನ್ನು ಕೆಂಡದಿಂದ ತೆಗೆಯಬೇಕಾದ ಗುರುತು. ಅದಕ್ಕೆ ಮೊದಲೇ ತೆಗೆದರೆ ಸಾರಿಗೆ ಹೊಗೆಯ ಸುವಾಸನೆ ಬರುವುದಿಲ್ಲ, ತಡವಾಗಿ ತೆಗೆದರೆ ಬರುವ ಕಹಿಯನ್ನು ಬೆಲ್ಲವಾಗಲಿ ಹುಣಸೆಯಾಗಲಿ ಅಡಗಿಸಲಾರವು. ಸಿಪ್ಪೆಸಹಿತ ಸುಟ್ಟ ಉಳ್ಳಾಗಡ್ಡಿ, ಬೇರೆಬೇರೆಯಾಗಿಯೇ ಹುರಿದ ಎಳ್ಳು ಮತ್ತು ಗಸಗಸೆ ಈ ಕೊಬ್ಬರಿಯ ಜೊತೆಗೆ ಒಳ್ಳಿಗೆ, ಎಂದರೆ ಅರೆಯುವ ಕಲ್ಲಿಗೆ, ಬೀಳುತ್ತವೆ. ಬೇರೆಬೇರೆಯಾಗಿ ಹುರಿಯಬೇಕಾದದ್ದು ಏಕೆಂದರೆ ಕಾಳುಕಾಳಿಗೂ ಸೀಯುವ ಹೊತ್ತು ಬೇರೆ. ನುಣ್ಣಗೆ ಅರೆದಷ್ಟೂ ಕೊಬ್ಬರಿ ಎಳ್ಳುಗಳು ತಮ್ಮ ಎಣ್ಣೆಯನ್ನು ಬಿಟ್ಟುಕೊಡುತ್ತವೆ, ಗಸಗಸೆ ಸಾರಿಗೆ ಮಂದತೆಯನ್ನು ಕೊಡುತ್ತದೆ.

ಮೆಣಸಿನಕಾಯಿ ತನ್ನ ಕೆಲಸವನ್ನು ಆರಂಭಿಸುವುದು ಈ ಎಣ್ಣೆಯಲ್ಲಿ. ಅದರ ಕೆಂಪು ಬಣ್ಣ ಕರಗುವುದು ಕೊಬ್ಬಿನಲ್ಲಿಯೇ ಹೊರತು ನೀರಿನಲ್ಲಲ್ಲ. ಆದ್ದರಿಂದ ಕುದಿಯುವ ಎಸರಿಗೆ ನೇರವಾಗಿ ಸುರಿದ ಖಾರದ ಪುಡಿ ನಾಲಿಗೆಯನ್ನು ಸುಡಬಲ್ಲದೇ ಹೊರತು ಸಾರಿನ ಮೇಲೆ ಆ ಕೆಂಪು ತೆರೆಯನ್ನು ಕಟ್ಟಲಾರದು. ಒಳ್ಳೆಯ ಸಾರಿನಲ್ಲಿ ತೇಲುವ ಎಣ್ಣೆ ಬರಿಯ ಒಗ್ಗರಣೆಯದಲ್ಲ, ಅದರಲ್ಲಿ ಕೊಬ್ಬರಿಯ ಪಾಲೂ ಮಾಂಸದ ಪಾಲೂ ಇವೆ. ಈ ಸಣ್ಣ ಸಂಗತಿಯನ್ನು ಗಮನಿಸದೆ ಬರೆದ ಪಾಕವಿಧಾನಗಳೇ ಹೆಚ್ಚು.

ಇನ್ನೊಂದು ತಪ್ಪು ತಿಳಿವಳಿಕೆ ಮೆಣಸಿನಕಾಯಿಯನ್ನೇ ಕುರಿತದ್ದು. ಕುಂದಗೋಳ ಭಾಗದ ಕಪ್ಪುನೆಲದಲ್ಲಿ ಬೆಳೆಯುವುದು ಸುಕ್ಕುಗಟ್ಟಿದ ಸಿಪ್ಪೆಯ ಬ್ಯಾಡಗಿ. 2011ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಈ ತಳಿಯ ಹೆಗ್ಗಳಿಕೆ ಗಾಢ ಬಣ್ಣ ಮತ್ತು ಕಡಿಮೆ ಖಾರ. ಹೀಗಿರುವಾಗ ಗುಂಟೂರಿನ ಕಾಯಿಯನ್ನು ಬೆರೆಸಿ ಬೆವರಿಳಿಸುವ ಸಾರನ್ನು ‘ಧಾರವಾಡದ ನೆಲದ ರುಚಿ’ ಎಂದು ಕೊಂಡಾಡುವುದು ಹೇಗೆ ಒಪ್ಪಿತವಾದೀತು?

ಖಾರವನ್ನು ಸಮರ್ಥಿಸುವ ಬರಹಗಾರರು ಇಲ್ಲಿ ಇತಿಹಾಸವನ್ನು ಕರೆತರುತ್ತಾರೆ. ಸಾವಜಿಗಳು, ಎಂದರೆ ಸೋಮವಂಶ ಸಹಸ್ರಾರ್ಜುನ ಕ್ಷತ್ರಿಯರು, ಯೋಧರ ಕುಲದವರಾದ್ದರಿಂದ ಅವರ ಅಡುಗೆ ಉಗ್ರವಾಗಿದೆ ಎಂಬುದು ಅವರ ವಾದ. ಸಮುದಾಯದ ಕುಲಸ್ಮೃತಿಯನ್ನು ಗೌರವಿಸಿಯೇ ಹೇಳಬೇಕಾದ ಮಾತೆಂದರೆ, ಈ ಭಾಗದಲ್ಲಿ ಅವರ ವಂಶಪಾರಂಪರಿಕ ವೃತ್ತಿ ರೇಷ್ಮೆ ನೇಯ್ಗೆ. ಪಟ್ಟೆಗಾರರೆಂಬ ಹೆಸರು ಬಂದದ್ದೂ ಅದರಿಂದಲೇ. ಅದಕ್ಕಿಂತ ಮುಖ್ಯವಾಗಿ, ಮೆಣಸಿನಕಾಯಿ ಪೋರ್ಚುಗೀಸರ ಮೂಲಕ ಭಾರತಕ್ಕೆ ಬಂದದ್ದು 16ನೆಯ ಶತಮಾನದಲ್ಲಿ, ಆದ್ದರಿಂದ ಅದಕ್ಕೂ ಹಿಂದಿನ ಯೋಧರು ಅದನ್ನು ಉಂಡಿರಲು ಸಾಧ್ಯವೇ ಇಲ್ಲ. ಯೋಧರ ಹೆಸರಿಗೆ ಮಸಾಲೆಯನ್ನು ಅಂಟಿಸುವ ಈ ಚಾಳಿ ಧಾರವಾಡಕ್ಕೆ ಮಾತ್ರ ಸೀಮಿತವಲ್ಲ. ಪೂರ್ವ ಆಫ್ರಿಕದ ಪಶುಪಾಲಕರಾದ ಮಸಾಯಿಗಳ ಹೆಸರಿನಲ್ಲಿ ಮಸಾಲೆ ತುಂಬಿದ ದನದ ಮಾಂಸದ ಸಾರುಗಳು ಪ್ರಚಾರದಲ್ಲಿವೆ. ಆದರೆ ಆ ಜನರ ಸಾಂಪ್ರದಾಯಿಕ ಮಾಂಸದ ಕಷಾಯಕ್ಕೆ ಬೀಳುವುದು ಮರದ ತೊಗಟೆ ಮತ್ತು ಬೇರು. ಅವರು ಓಲ್ಕಿಲೋರಿಟಿ ಎಂದು ಕರೆಯುವ ಅಂಥ ಒಂದು ಮರ ನವಲಗುಂದದ ಹೊಲದ ಬದುಗಳಲ್ಲಿ ಕಾಣುವ ಕರಿಜಾಲಿಯೇ. ಒಂದು ಜನಾಂಗದ ಶೌರ್ಯದ ಕಥೆಯಿಂದ ಅದರ ಅಡುಗೆಯನ್ನು ಊಹಿಸುವವರು ಎರಡು ಕಡೆಯೂ ಒಲೆಯ ಬಳಿಗೆ ಹೋಗಿ ನೋಡಿಲ್ಲ.

ಖಾರಕ್ಕೆ ಸಮರ್ಥನೆಯೇ ಇಲ್ಲವೆಂದಲ್ಲ. ಬಿಳಿಜೋಳದ ರೊಟ್ಟಿಯ ಸಪ್ಪೆರುಚಿಗೆ ಖಡಕ್ ಸಾರು ಒಪ್ಪುತ್ತದೆ, ಖಾನಾವಳಿಯ ಗಿರಾಕಿ ಅದನ್ನೇ ಬಯಸಿ ಬರುತ್ತಾನೆ. ಆದರೆ ಮನೆಯ ಒಲೆಗೆ ಆ ಒತ್ತಾಯವಿಲ್ಲ. ಎಲುಬುಸಹಿತ ಮಾಂಸವನ್ನು ಅರಿಸಿನ, ಉಪ್ಪು ಹಾಕಿ ಸಣ್ಣ ಉರಿಯಲ್ಲಿ ಬೇಯಿಸಿ, ನರಗಳ ಅಂಟು ನೀರಿಗಿಳಿದು ಎಸರು ತಾನಾಗಿ ದಪ್ಪಗಾದ ಮೇಲೆ ಮಸಾಲೆ ಸೇರಿಸುವ ಸಾವಧಾನ ಮನೆಯಲ್ಲಿ ಸಾಧ್ಯ. ಕುಕ್ಕರಿನ ನಾಲ್ಕು ಸೀಟಿಯಲ್ಲಿ ಎಲ್ಲವನ್ನೂ ಒಟ್ಟಿಗೆ ಮುಗಿಸಿದರೆ ಮಾಂಸ ಬೆಂದರೂ ಎಣ್ಣೆ ಮೇಲೆ ಬಿಡುವುದಿಲ್ಲ. ಮಾಂಸದ ರುಚಿ, ಸುಟ್ಟ ಕೊಬ್ಬರಿಯ ಪರಿಮಳ, ಬ್ಯಾಡಗಿಯ ಬಣ್ಣ ಮೂರೂ ಬೇರೆಬೇರೆಯಾಗಿ ತಿಳಿಯುವ ಹಳ್ಳಿಮನೆಯ ಸಾರು, ನಾಲಿಗೆಯನ್ನು ಮರಗಟ್ಟಿಸುವ ಖಾನಾವಳಿಯ ಸಾರಿಗಿಂತ ನಿಸ್ಸಂದೇಹವಾಗಿ ಮೇಲು. ಬ್ಯಾಡಗಿಯ ಮಾರುಕಟ್ಟೆಯಲ್ಲಿ ಆ ಕಾಯಿಗೆ ದರ ಏರುವುದು ಅದರ ಬಣ್ಣ ನೋಡಿ, ಖಾರ ನೋಡಿ ಅಲ್ಲ.